ಪಾಳಣ್ಣನೂ ಒಂಟಿ ಚಪ್ಪಲಿಯೂ

ಹಾಳೂರಿಗೆ ಉಳಿದವನೇ ಗೌಡ ಅಂತ ಗಾದೆ. ಸಕಲೇಶಪುರದ ಪಕ್ಕದ ನಮ್ಮ ದೋಣಿಗಲ್ ಇನ್ನೂ ಹಾಳಾಗಿಲ್ಲ, ಆದರೂ ಶನಿವಾರ ಬಂತೆಂದರೆ ಬೆಂಗಳೂರಿಂದ ಒಬ್ಬ ಗೌಡ ಬಂದಿಳಿಯುತ್ತಾನೆ. ಬುಲೆಟ್ ಬೈಕು, ಮಂಡಿಗೆ ಒಂದು ಗೇಣು ಕಡಿಮೆ ಬೂಟು, ಬೆನ್ನಿಗೆ ಹುಲ್ಲಿನ ಹೊರೆಯಷ್ಟು ದಪ್ಪದ ಚೀಲ, ಚೀಲದ ಪಕ್ಕಕ್ಕೆ ಬಿಗಿದ ಮೂರು ಕಾಲಿನ ಸ್ಟ್ಯಾಂಡು. ಹೆದ್ದಾರಿ ಬದಿಯ ಟೀ ಅಂಗಡಿಗೆ ಬಂದರೆ ಕೂತವರ ಮುಖ ನೋಡುವುದಿಲ್ಲ, ಅಂಗಡಿಯ ಹಿಂದಿನ ಗೋಡೆ ನೋಡುತ್ತಾನೆ. ಗೋಡೆ ಬಿರುಕು ಬಿಟ್ಟಿದ್ದರೆ ಇವನ ಮುಖ ಅರಳುತ್ತದೆ. ಟೀ ಕೈಗೆ ಬರುವ ಮೊದಲೇ ಶುರು: “ಸಾರ್, ಇಲ್ಲಿ ಹತ್ತಿರದಲ್ಲಿ ಪಾಳುಬಿದ್ದ ಮನೆ ಯಾವುದಾದ್ರೂ ಇದೆಯಾ?”

ಕೇಳುವ ಧಾಟಿ ಥೇಟ್ ಹೆಣ್ಣು ಹುಡುಕಿಕೊಂಡು ಬಂದವರದು. ವಯಸ್ಸೆಷ್ಟು, ಮರದ ಕೆಲಸ ಚೆನ್ನಾಗಿದೆಯಾ, ಒಳಗೆ ಬೆಳಕು ಬೀಳುತ್ತಾ? ಕೊನೆಗೆ ದನಿ ತಗ್ಗಿಸಿ, “ಬೇರೆ ಯಾರಾದ್ರೂ ಬಂದು ನೋಡ್ಕೊಂಡು ಹೋಗಿದ್ದಾರಾ?” ಹೋಗಿದ್ದಾರೆ ಅಂದರೆ ಆ ಸಂಬಂಧ ಅಲ್ಲಿಗೆ ಮುರಿದ ಹಾಗೆ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಇದ್ದೇ ಇದೆ. ನಾವು ಇಟ್ಟದ್ದು ಪಾಳಣ್ಣ. ಅವನು ಒಬ್ಬನೇ ಅಲ್ಲ, ವರ್ಷಕ್ಕೆ ಮೂರು ನಾಲ್ಕು ಪಾಳಣ್ಣರು ಬರುತ್ತಾರೆ. ಗಡ್ಡ ಬೇರೆ, ಬೈಕು ಬೇರೆ, ಪ್ರಶ್ನೆ ಒಂದೇ. ನಾನು ಹೇಳುತ್ತಿರುವವನು ನಮ್ಮ ಮನೆಗೆ ಹೆಚ್ಚು ಬಳಕೆಯಾದವನು. ಆ ಬಳಕೆ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದು ಮುಂದೆ.

ಪಾಳಿನಲ್ಲೂ ಅವನಿಗೆ ದರ್ಜೆಗಳಿವೆ. ಪೂರ್ತಿ ಬಿದ್ದರೆ ಅದು ಸೈಟು. ಬೀಳದೇ ಇದ್ದರೆ ಅದು ಮನೆ. ಅರ್ಧ ಬಿದ್ದರೆ ಮಾತ್ರ ಕಲೆ. ಮಾಡಿನಲ್ಲಿ ಒಂದು ತೂತು ಬೇಕು, ಆ ತೂತಿನಿಂದ ಬಿಸಿಲು ಕೋಲಿನ ಹಾಗೆ ಇಳಿಯಬೇಕು, ಇಳಿದ ಬಿಸಿಲು ಒಂದು ಮುರಿದ ಕುರ್ಚಿಯ ಮೇಲೆ ಬೀಳಬೇಕು. 2021ರ ಜುಲೈನಲ್ಲಿ, ಮತ್ತೆ 2022ರ ಜುಲೈನಲ್ಲಿ, ಇದೇ ದೋಣಿಗಲ್ಲಿನಲ್ಲಿ ಹೆದ್ದಾರಿಯೇ ಕುಸಿಯಿತಲ್ಲ, ಆಗ ನಾನು, “ಬಾರಪ್ಪ, ರಸ್ತೆಗೆ ರಸ್ತೆಯೇ ಪಾಳುಬಿದ್ದಿದೆ, ಬೇಕಾದಷ್ಟು ಫೋಟೋ ತಗೋ” ಅಂದೆ. ಅವನು ಮೂಗು ಮುರಿದ. “ಅದು ಹಸಿ ಸಾರ್. ಪಾಚಿ ಕಟ್ಟಿಲ್ಲ.”

ಅವನು ನಮ್ಮ ಕಡೆಗೇ ಬರುವುದರಲ್ಲಿ ತಪ್ಪೇನೂ ಇಲ್ಲ. ಈ ಸೀಮೆ ಪಾಳಿಗೆ ಹೇಳಿ ಮಾಡಿಸಿದ್ದು. ಬಿಡದೆ ಸುರಿಯುವ ಮಳೆ, ಕಟ್ಟಿದ ಗೋಡೆ ಎರಡು ಮಳೆಗಾಲ ಸುಣ್ಣ ಕಾಣದಿದ್ದರೆ ಕಾಡಿಗೆ ಸೇರಿದ ಸ್ವತ್ತು. ರಾಬರ್ಟ್ ಎಲಿಯಟ್ ಎಂಬ ಬಿಳಿಯ ದೊರೆ ಆಗ ಮಂಜರಾಬಾದ್ ಅನ್ನಿಸಿಕೊಂಡಿದ್ದ ಈ ಸೀಮೆಯಲ್ಲಿ ಕಾಫಿ ತೋಟ ಮಾಡಲು ಕೂತದ್ದು 1856ರಲ್ಲಿ. ಅಂಥವರು ಕಟ್ಟಿಸಿದ ಬಂಗಲೆಗಳು, ಅವರನ್ನು ನೋಡಿ ನಮ್ಮವರು ಕಟ್ಟಿಸಿದ ತೊಟ್ಟಿಮನೆಗಳು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಗಳು, ಆಳುಗಳಿಲ್ಲದೆ ಬಾಗಿಲು ಮುಚ್ಚಿದ ಲೈನು ಮನೆಗಳು, ರೈಲ್ವೆಯವರು ಬಿಟ್ಟುಹೋದ ಕ್ವಾರ್ಟರ್ಸುಗಳು, ಇವನಿಗೆ ಕಾಲಿಟ್ಟಲ್ಲಿ ಸರಕು. ತಮಾಷೆ ಏನೆಂದರೆ, ಅದೇ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್ ಇಟ್ಟುಕೊಂಡು ಹಂಪಿಯ ಪಾಳುಗಳ ಫೋಟೋ ಹಿಡಿದ. ಒಬ್ಬ ಮನೆ ಕಟ್ಟುವ ವಂಶದ ಮೂಲಪುರುಷ, ಇನ್ನೊಬ್ಬ ಬಿದ್ದ ಮನೆ ಹಿಡಿಯುವ ವಂಶದವನು. ಎರಡು ವಂಶವೂ ಕೊನೆಗೆ ಬಂದು ಸೇರಿದ್ದು ನಮ್ಮ ಅಂಗಳದಲ್ಲಿ.

ಮನೆ ಯಾಕೆ ಪಾಳುಬಿತ್ತು ಅನ್ನುವುದರ ಬಗ್ಗೆ ಪಾಳಣ್ಣನಿಗೂ ನಮಗೂ ತೀರದ ತಕರಾರು. ಅವನ ಪ್ರಕಾರ ಪ್ರತಿ ಮನೆಯ ಹಿಂದೆಯೂ ಒಂದು ದುರಂತ ಪ್ರೇಮ, ತಪ್ಪಿದರೆ ಒಂದು ಆತ್ಮ. ನಮ್ಮ ಪ್ರಕಾರ ಒಂದು ವಿಭಾಗದ ದಾವೆ. ಮೂವರು ಅಣ್ಣತಮ್ಮಂದಿರು, ಒಬ್ಬ ಬೆಂಗಳೂರಲ್ಲಿ, ಒಬ್ಬ ಅಮೆರಿಕದಲ್ಲಿ, ಇನ್ನೊಬ್ಬ ಇಲ್ಲೇ, ಆದರೆ ಅವನಿಗೆ ಮನೆ ಬೇಡ, ಹಿಂದಿನ ಸಿಲ್ವರ್ ಮರ ಬೇಕು. ಕೋರ್ಟಿನಿಂದ ತಡೆಯಾಜ್ಞೆ. ಒಬ್ಬ ಒಂದು ಹಂಚು ಬದಲಾಯಿಸಿದರೆ ಇನ್ನೊಬ್ಬ ವಕೀಲರಿಗೆ ಫೋನು ಮಾಡುತ್ತಾನೆ. ಹಂಚು ಜಾರಿತು, ಪಕಾಸಿ ನೆನೆಯಿತು, ತೊಲೆ ಕೂತಿತು. “ಗೋಡೆಗಳು ಮಾತಾಡ್ತವೆ ಸಾರ್” ಅಂತಾನೆ ಇವನು. ನಿಜ, ಮಾತಾಡಿದರೆ ಸರ್ವೆ ನಂಬರ್ ಹೇಳುತ್ತವೆ.

ಅವನ ಕೆಲಸದ ವೈಖರಿಯನ್ನು ನಾನು ಹತ್ತಿರದಿಂದ ನೋಡಿದ್ದು ಊರಾಚೆಯ ಒಂದು ಲೈನು ಮನೆಯಲ್ಲಿ. ಮೊದಲು ಒಳಗೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತ. ಜಾಗದ ಜೊತೆ ಸಂಬಂಧ ಬೆಳೆಸುವುದಂತೆ. ಅಷ್ಟರಲ್ಲಿ ಇಂಬಳಗಳು ಅವನ ಜೊತೆ ಸಂಬಂಧ ಬೆಳೆಸಿದವು, ಬೂಟಿನ ಒಳಕ್ಕೇ ಇಳಿದು. ಆಮೇಲೆ ಚೀಲದಿಂದ ನೀರಿನ ಸ್ಪ್ರೇ ತೆಗೆದು ಕಿಟಕಿಯ ಜೇಡರಬಲೆಗೆ ಪುಸುಪುಸು ಹೊಡೆದ, ಮಂಜು ಕೂತ ಹಾಗೆ ಕಾಣಲಿ ಅಂತ. ಬಾಗಿಲ ಹತ್ತಿರ ಒಣ ಎಲೆ ಸಾಲದೆಂದು ಹೊರಗಿಂದ ಎರಡು ಬೊಗಸೆ ತಂದು ಹರಡಿದ. ನಮ್ಮ ಮನೆಯಲ್ಲಿ ಹೆಂಗಸರು ಬೆಳಗ್ಗೆ ಎದ್ದು ಮಾಡುವ ಕೆಲಸವನ್ನೇ ಇವನು ತಿರುಗಮುರುಗ ಮಾಡುತ್ತಿದ್ದ. ಕೊನೆಗೆ ಚೀಲದ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ವಸ್ತು ಹೊರಬಂತು. ಮಗುವಿನ ಹವಾಯಿ ಚಪ್ಪಲಿ. ನೀಲಿ ಪಟ್ಟಿಯದು, ಎಡಗಾಲಿನದು, ಒಂದೇ. ಅದನ್ನು ಹೊಸ್ತಿಲ ಮೇಲೆ ಸ್ವಲ್ಪ ಓರೆಯಾಗಿ ಇಟ್ಟ, ಎದ್ದು ನೋಡಿದ, ಮತ್ತೆ ಬಗ್ಗಿ ಇನ್ನಷ್ಟು ಓರೆ ಮಾಡಿದ.

“ಇದು ಯಾರದು?” ಅಂದೆ.

“ಇಲ್ಲಿದ್ದ ಮಗುವಿನದು ಸಾರ್” ಅಂದ, ಕಣ್ಣಲ್ಲಿ ನೀರು ತಂದುಕೊಂಡು. ಬೆಂಗಳೂರಿನಲ್ಲಿ ಕೊಂಡದ್ದೆಂಬುದನ್ನು ಆ ಹೊತ್ತಿಗೆ ಅವನೇ ಮರೆತಿದ್ದ.

ಆಮೇಲಿಂದ ಆ ಚಪ್ಪಲಿಯನ್ನು ನಾನು ಎಲ್ಲೆಲ್ಲೋ ಕಂಡೆ. ಬಂಗಲೆಯ ಮೆಟ್ಟಿಲ ಮೇಲೆ, ರೈಲ್ವೆ ಕ್ವಾರ್ಟರ್ಸಿನ ಒಲೆಯ ಪಕ್ಕ, ಪಲ್ಪರಿನ ತುಕ್ಕುಹಿಡಿದ ಚಕ್ರದ ಕೆಳಗೆ. ಶೆಟ್ಟಿಹಳ್ಳಿ ಚರ್ಚಿಗೂ ಅದು ಹೋಗಿ ಬಂದಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರವರು ಎದ್ದು ಹೋದರು, ಚರ್ಚು ಅಲ್ಲೇ ನಿಂತಿತು, ಮಳೆಗಾಲ ಜೋರಾದರೆ ಅರ್ಧ ಮುಳುಗುತ್ತದೆ. ಅಂಥ ಜಾಗದಲ್ಲಿ ಯಾವ ಮಗು ಎಡಗಾಲಿನ ಚಪ್ಪಲಿ ಬಿಟ್ಟು ಹೋಗುತ್ತದೆ? ಪಾಪ, ಆ ಒಂದು ಕೂಸು ಹಾಸನ ಜಿಲ್ಲೆಯ ಅಷ್ಟೂ ಪಾಳುಮನೆಗಳಲ್ಲಿ ಬೆಳೆದಿರಬೇಕು, ಒಂದು ಇಂಚೂ ಬೆಳೆಯದೆ.

ನಮ್ಮೂರ ನೆತ್ತಿಯ ಮೇಲೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ, ಫ್ರೆಂಚರ ವಿದ್ಯೆ. ಏಳು ವರ್ಷಕ್ಕೆ ಟಿಪ್ಪುವೇ ಇಲ್ಲ. ಇದಕ್ಕಿಂತ ದೊಡ್ಡ ಪಾಳು ಎಲ್ಲಿ ಸಿಗಬೇಕು ಅಂತ ನಾವು. ಪಾಳಣ್ಣ ಅಲ್ಲಿಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ಇಳಿದ. ನಕ್ಷತ್ರ ಕಾಣುವುದು ಆಕಾಶದಿಂದ, ಇವನ ಹತ್ತಿರ ಡ್ರೋನ್ ಇಲ್ಲ. ನೆಲದಿಂದ ನೋಡಿದರೆ ಗೋಡೆ, ಗೋಡೆಗೆ ಒರಗಿಕೊಂಡು ಸೆಲ್ಫಿ ತೆಗೆಯುವ ಜನ. ಬಾಗಿಲ ಮೇಲಿನ ಚಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೆತ್ತಿದ್ದಾರೆ, ಕತ್ತೆತ್ತಿದರೆ ಸಾಕಿತ್ತು. ಎತ್ತಲಿಲ್ಲ. “ಜೀವಂತ ಜನ ಜಾಸ್ತಿ ಸಾರ್ ಅಲ್ಲಿ” ಅಂದ.

ರೈಲಿನ ಮೇಲೂ ಅವನಿಗೆ ಇದೇ ಸಿಟ್ಟು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ಘಟ್ಟದ ಹಾದಿ 1979ರಲ್ಲಿ ಮೀಟರ್ ಗೇಜಾಗಿ ಶುರುವಾಯಿತು, 57 ಸುರಂಗ, ನೂರಕ್ಕೂ ಮೇಲೆ ಸೇತುವೆ. 1996ರಲ್ಲಿ ಗೇಜು ಬದಲಾಯಿಸಲು ಅಂತ ನಿಲ್ಲಿಸಿದವರು, ಪ್ರಯಾಣಿಕರ ರೈಲು ಮತ್ತೆ ಬಿಟ್ಟದ್ದು 2007ರ ಕೊನೆಗೆ. ಆ ಹನ್ನೊಂದು ವರ್ಷ ಮಂಗಳೂರಿಗೆ ಹೋಗಲು ನಾವು ಬಸ್ಸಿನಲ್ಲಿ ವಾಂತಿ ಮಾಡಿಕೊಂಡೆವು. ಪಾಳಣ್ಣನಿಗೆ ಅದೇ ಸುವರ್ಣಯುಗ. ಆಗ ಅವನು ಹೈಸ್ಕೂಲಿನಲ್ಲಿದ್ದ, ಬರಲಾಗಲಿಲ್ಲ ಅಂತ ಇವತ್ತಿಗೂ ಕೊರಗು. ಈಗ ಹಳಿಯ ಮೇಲೆ ನಡೆಯುವುದು ಅಪರಾಧ, ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ಒಮ್ಮೆ ಸುರಂಗದ ಬಾಯಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿ ಬಂದ. ರಸೀದಿಯನ್ನೂ ಬಿಡಲಿಲ್ಲ, ಕಪ್ಪು ಬಿಳುಪಿನಲ್ಲಿ ಫೋಟೋ ತೆಗೆದ.

ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಕಡುಬು ತಿನ್ನುತ್ತಿದ್ದವನು ಏಕಾಏಕಿ ತಿನ್ನುವುದು ನಿಲ್ಲಿಸಿ ಮೊಬೈಲು ನೋಡಿ ನಿಟ್ಟುಸಿರು ಬಿಟ್ಟ. ಯಾರಿಗೆ ಏನಾಯಿತೋ ಅಂತ ಅವ್ವ ಗಾಬರಿಯಾದಳು. ಅಮೆರಿಕದ ಡೆಟ್ರಾಯಿಟ್ ಊರಿನ ಮಿಷಿಗನ್ ಸೆಂಟ್ರಲ್ ರೈಲ್ವೆ ನಿಲ್ದಾಣವಂತೆ, 1988ರಲ್ಲಿ ಮುಚ್ಚಿದ್ದು, ಪ್ರಪಂಚದ ಪಾಳಣ್ಣರಿಗೆಲ್ಲ ಕಾಶಿಯಿದ್ದ ಹಾಗೆ. ಫೋರ್ಡ್ ಕಂಪನಿಯವರು ಕೊಂಡು, ರಿಪೇರಿ ಮಾಡಿಸಿ, 2024ರ ಜೂನಿನಲ್ಲಿ ಬಾಗಿಲು ತೆರೆದೇಬಿಟ್ಟರು. “ಹೋಯ್ತು ಸಾರ್” ಅಂದ. ಅವ್ವ ತಲೆ ಸವರಿ, “ಇನ್ನೆರಡು ಕಡುಬು ಹಾಕ್ಕೊ ಮಗಾ, ಹೋದದ್ದಕ್ಕೆ ಅಳಬಾರ್ದು” ಅಂದಳು. ರಿಪೇರಿಯಾದದ್ದಕ್ಕೆ ಅಳುವವರೂ ಇದ್ದಾರೆಂದು ಅವಳಿಗೆ ನಾನು ಬಿಡಿಸಿ ಹೇಳಲಿಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದ ಸಾಹುಕಾರರು ತಮ್ಮ ತೋಟದಲ್ಲಿ ಹೊಸದಾಗಿ ಪಾಳು ಕಟ್ಟಿಸುತ್ತಿದ್ದರು, ಗಾರೆ ಮೇಸ್ತ್ರಿಗೆ ಕೂಲಿ ಕೊಟ್ಟು ಅರ್ಧ ಗೋಪುರ ಏಳಿಸಿ ಅರ್ಧ ಬಿಡಿಸುತ್ತಿದ್ದರು. ಅದು ಪಾಳಣ್ಣನಿಗೆ ಗೊತ್ತಿದ್ದಿದ್ದರೆ ಅವ್ವ ಇನ್ನೂ ನಾಲ್ಕು ಕಡುಬು ಹಾಕಬೇಕಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಕದಿಯುವವನಲ್ಲ. ಪಾಳುಮನೆಗಳಿಗೆ ಬರುವವರಲ್ಲಿ ಎರಡನೇ ಜಾತಿಯೊಂದಿದೆ, ರಾತ್ರಿ ಪಿಕಪ್ ತಂದು ಬೀಟೆ ಕಂಬ, ಹಿತ್ತಾಳೆ ಚಿಲಕ ಎಲ್ಲ ಕಿತ್ತು ಸಾಗಿಸುವವರು. ಆ ಮರ ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಹಳೇ ಮಲೆನಾಡಾಗಿ ನಿಂತಿರುತ್ತದೆ. ಪಾಳಣ್ಣ ಒಂದು ಮೊಳೆ ಮುಟ್ಟಿದವನಲ್ಲ. ಆದರೆ ಅವನಿಂದ ಆಗಬಹುದಾಗಿದ್ದ ಒಂದು ಉಪಕಾರವನ್ನೂ ಮಾಡಲಿಲ್ಲ. ಗ್ರೀನ್‌ಲಾ ಹಿಡಿದ ಫೋಟೋಗಳಿಂದ ಹಂಪಿಯಲ್ಲಿ 1856ಕ್ಕೆ ಯಾವ ಗೋಪುರ ಎಷ್ಟಿತ್ತೆಂದು ಇವತ್ತು ನೋಡಬಹುದು. ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದವನು 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದದ್ದೆಷ್ಟು ಉಳಿದದ್ದೆಷ್ಟು ಲೆಕ್ಕ ಸಿಗುತ್ತದೆ. ನಮ್ಮವನ ಫೋಟೋದಲ್ಲಿ ಊರಿಲ್ಲ, ತಾರೀಖಿಲ್ಲ. ಜಾಗದ ಗುಟ್ಟು ಬಿಡಬಾರದಂತೆ. ಕೆಳಗೆ ‘ಮೌನ 14’, ‘ಮೌನ 15’ ಅಂತಿರುತ್ತದೆ. ಕಳೆದ ಹತ್ತು ವರ್ಷದಲ್ಲಿ ನಾವೆಲ್ಲ ನೋಡನೋಡುತ್ತ ಬಿದ್ದುಹೋದ ಎರಡು ಬಂಗಲೆಗಳ ಚಿತ್ರ ಉಳಿದಿರುವುದು ಅವನ ಹತ್ತಿರ ಮಾತ್ರ, ಅವು ಯಾವ ಮೌನವೋ ಅವನಿಗೇ ನೆನಪಿಲ್ಲ.

ತಾರೀಖು ಹಾಕಿದರೂ ಕಷ್ಟವೇ ಅನ್ನಿ. ಒಮ್ಮೆ ನಮ್ಮ ಮಾಡಿನಿಂದ ಜಾರಿದ ಹಂಚೊಂದನ್ನು ತಿರುಗಿಸಿ ನೋಡಿ ಕುಣಿದಾಡಿದ. ಅದರ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್, 1865 ಅಂತ ಅಚ್ಚಿತ್ತು. “ಸಾರ್, ನಿಮ್ಮನೆ 1865ರದು!” 1865 ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ಇಸವಿ, ಅವರ ಎಷ್ಟೋ ಹಂಚಿಗೆ ಅದೇ ಅಚ್ಚು. ಈ ಮನೆ ನಮ್ಮಜ್ಜ 1938ರಲ್ಲಿ ಕಟ್ಟಿಸಿದ್ದು ಅಂದೆ. ಅವನ ಮುಖ ನೋಡಲಾಗಲಿಲ್ಲ, ಹೋಗಲಿ 1865 ಅಂತಲೇ ಇಟ್ಟುಕೋ ಅಂದೆ.

ಆ ‘ಇಟ್ಟುಕೋ’ ಅಂದದ್ದೇ ಮುಳುವಾಯಿತು. ನಮ್ಮ ಮನೆಯ ಬಲಭಾಗ ನಮಗೂ ನಮ್ಮ ದೊಡ್ಡಪ್ಪನ ಮಗನಿಗೂ ದಾವೆಯಲ್ಲಿದೆ. ಹಾಗಾಗಿ ಅದಕ್ಕೆ ನಾನು ಕೈ ಹಚ್ಚುವ ಹಾಗಿಲ್ಲ, ಮಾಡು ಅಷ್ಟು ಇಷ್ಟು ಕೂತಿದೆ. ಎಡಭಾಗದಲ್ಲಿ ನಾವಿದ್ದೇವೆ. ಅವ್ವ, ನಾನು, ನಮ್ಮವಳು, ನಾಯಿ. ಪಾಳಣ್ಣನಿಗೆ ಬಲಭಾಗದ ಮೇಲೆ ಕಣ್ಣು. ಒಂದು ಬೇಸಿಗೆಯಲ್ಲಿ ನಾನು ಸಕಲೇಶಪುರದ ಸಂತೆಗೆ ಹೋಗಿದ್ದಾಗ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಇಟ್ಟುಕೊಂಡು ತನ್ನ ಕೆಲಸ ಮುಗಿಸಿದ. ಅವ್ವ ಅಂಗಳದಲ್ಲಿ ಚಾಪೆ ಹಾಸಿ ಸಂಡಿಗೆ ಇಡುತ್ತಿದ್ದವಳು, “ಬೀಳೋ ಮನೇನ ಫೋಟೋ ಹಿಡಿಯೋ ಬದ್ಲು ಆ ತೊಲೆಗೊಂದು ಕೈ ಹಿಡಿ ಮಗಾ” ಅಂದಳಂತೆ. “ಅಜ್ಜಿ, ಸ್ವಲ್ಪ ಫ್ರೇಮಿಂದ ಆಚೆ ಹೋಗ್ತೀರಾ?” ಅಂದನಂತೆ ಇವನು. ಅವ್ವನಿಗೆ ಫ್ರೇಮು ಅಂದರೆ ಗೋಡೆಗೆ ಹಾಕುವ ಕಟ್ಟು. ಸತ್ತವರನ್ನು ಹಾಕುತ್ತಾರಲ್ಲ, ಅದು. “ನಾನಿನ್ನೂ ಒಳಗೇ ಹೋಗಿಲ್ಲ ಕಣೋ” ಅಂದಳಂತೆ.

ಮುಂದೆ ಬೆಂಗಳೂರಿನಲ್ಲಿ ಅವನ ಚಿತ್ರಪ್ರದರ್ಶನ ಆಯಿತು. ನಮ್ಮ ಮನೆಯೂ ಗೋಡೆಗೇರಿತ್ತು, ಆಳೆತ್ತರಕ್ಕೆ, ಆಕಾಶಕ್ಕೆ ಬದನೆಕಾಯಿ ಬಣ್ಣ ಬಳಿದು. ಹೆಸರು ‘ಯಾರೂ ಇಲ್ಲ’. ಮೂರು ದಿನ ನೋಡಿದವರೆಲ್ಲ ಹುಬ್ಬೇರಿಸಿ ಹೋದರೇ ಹೊರತು ಕೊಂಡವರಿಲ್ಲ. ಕೊನೆಯ ದಿನ ಒಬ್ಬ ಗಿರಾಕಿ ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟು, ಬಿಲ್ಲು ಬರೆಸಿ, ಸಹಿ ಹಾಕಿಸಿಕೊಂಡು ಹೋದ. ಪಾಳಣ್ಣ ಆವತ್ತು ರಾತ್ರಿ ನನಗೆ ಫೋನು ಮಾಡಿ ಗಂಟಲು ಕಟ್ಟಿದ ದನಿಯಲ್ಲಿ, “ನಿಮ್ಮನೆ ಸೇಲ್ ಆಯ್ತು ಸಾರ್!” ಅಂದ. ನನ್ನ ಎದೆ ನಿಂತೇ ಹೋಯಿತು.

ಕೊಂಡವನು ನಮ್ಮ ದೊಡ್ಡಪ್ಪನ ಮಗ.

ಮುಂದಿನ ವಾಯಿದೆಯಲ್ಲಿ ‘ಯಾರೂ ಇಲ್ಲ’ ಕೋರ್ಟಿಗೆ ಬಂತು. ಪ್ರತಿವಾದಿ ಆ ಮನೆಯಲ್ಲಿ ವಾಸವೇ ಇಲ್ಲ, ಪೂರ್ವಿಕರ ಆಸ್ತಿಯನ್ನು ಪಾಳುಗೆಡವಿದ್ದಾನೆ, ಬೇಕಾದರೆ ನೋಡಿ ಅಂತ ಅವರ ವಕೀಲರು. ಫೋಟೋಗೆ ಬರೀ ಬಾಯಿಮಾತು ಸಾಲದು. ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಅಂತಿತ್ತು, 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ ಅದು 63ನೇ ಕಲಮು. ಯಾವ ಕ್ಯಾಮರಾ, ಯಾವ ಕಂಪ್ಯೂಟರು, ಎಲ್ಲ ಬರೆದು ಸಹಿ ಮಾಡಿಕೊಡಬೇಕು. ಜಾಗದ ಗುಟ್ಟು ಬಿಡೆನೆಂದು ವ್ರತ ಹಿಡಿದಿದ್ದ ಪಾಳಣ್ಣ ಊರು, ತಾಲ್ಲೂಕು, ಜಿಲ್ಲೆ, ಚಕ್ಕುಬಂದಿ ಸಮೇತ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಅವನ ಒಂದು ಫೋಟೋಗೆ ತಾರೀಖು ಬಂತು.

ನಮ್ಮ ವಕೀಲರು ಕನ್ನಡಕ ಮೂಗಿನ ತುದಿಗೆ ಇಳಿಸಿ ಪಾಟೀಸವಾಲಿಗೆ ಎದ್ದರು.

“ಈ ಮೆಟ್ಟಿಲ ಮೇಲೆ ಮಗುವಿನ ಚಪ್ಪಲಿ ಕಾಣ್ತಿದೆ. ಅಂದ್ರೆ ಮನೇಲಿ ಮಕ್ಕಳಿದ್ದಾರೆ, ಸರಿ ತಾನೆ?”

“ಇಲ್ಲ ಸಾರ್.”

“ಮತ್ತೆ ಚಪ್ಪಲಿ ಯಾರದು?”

ಪಾಳಣ್ಣ ಜಡ್ಜ್ ಸಾಹೇಬರನ್ನು ನೋಡಿದ, ಬಾಗಿಲ ಹತ್ತಿರ ನಿಂತ ನನ್ನನ್ನು ನೋಡಿದ. ಪ್ರಮಾಣ ಮಾಡಿಯಾಗಿತ್ತು. “ನಂದೇ ಸಾರ್” ಅಂದ, ನೆಲ ನೋಡುತ್ತ. ಸಾಹೇಬರು ಒಮ್ಮೆ ಅವನ ಬೂಟಿನ ಅಳತೆ ನೋಡಿ, ಒಮ್ಮೆ ಫೋಟೋ ನೋಡಿ, ಬರೆಸಿಕೊಳ್ಳುವವರಿಗೆ ನಿಧಾನವಾಗಿ ಹೇಳಿದರು: “ಸದರಿ ಚಪ್ಪಲಿಯು ಸಾಕ್ಷಿಯದೇ ಇರುತ್ತದೆ.”

ಅಲ್ಲಿಗೆ ನಿಲ್ಲಲಿಲ್ಲ. ಕತ್ತರಿಸದ ಮೂಲ ಫೋಟೋ ಹಾಜರುಪಡಿಸಿ ಅಂದರು. ಲ್ಯಾಪ್‌ಟಾಪ್ ತೆರೆದ. ಮೂಲದಲ್ಲಿ ಆಕಾಶ ಸಾದಾ ಬಿಳಿ. ಮನೆಯ ಎಡಭಾಗ ಸುಣ್ಣ ಹೊಡೆದುಕೊಂಡು ನೆಟ್ಟಗೆ ನಿಂತಿದೆ, ಕಿಟಕಿಗೆ ನಮ್ಮವಳ ಸೀರೆ ಹರಿದು ಮಾಡಿದ ಪರದೆ. ಕೆಳಗಿನ ಮೂಲೆಯಲ್ಲಿ ಚಾಪೆ, ಚಾಪೆಯ ತುಂಬ ಸಂಡಿಗೆ, ಅದಕ್ಕೆ ಹೊಂಚು ಹಾಕಿದ ಒಂದು ಕಾಗೆ. ಅಂಚಿನಲ್ಲಿ ಅವ್ವನ ಬೆನ್ನು, ಕೈಯಲ್ಲಿ ಕಾಗೆ ಓಡಿಸುವ ಕೋಲು. ಯಾರೂ ಇಲ್ಲ ಅಂದವನ ಫೋಟೋದಲ್ಲಿ ನಾಯಿ ಸಹ ಇತ್ತು, ಮೆಟ್ಟಿಲ ಕೆಳಗೆ, ಚಪ್ಪಲಿಯನ್ನೇ ನೋಡುತ್ತ.

ದಾವೆ ಇನ್ನೂ ನಡೆಯುತ್ತಿದೆ. ಅದು ನಡೆಯುವುದು ನಮ್ಮ ಘಟ್ಟದ ಗೂಡ್ಸ್ ರೈಲಿನ ವೇಗದಲ್ಲಿ. ಚಿತ್ರ ನಿಶಾನೆ ಅಂಟಿಸಿಕೊಂಡು ಕಡತ ಸೇರಿದೆ, ಪ್ರದರ್ಶನದಲ್ಲಿ ಸಿಗದಷ್ಟು ಮೌನ ಅದಕ್ಕೀಗ ಸಿಕ್ಕಿದೆ. ಮೊನ್ನೆ ಮಳೆಗೆ ಮುಂಚೆ ಎಡಭಾಗದ ಹಂಚು ಕೈಯಾಡಿಸಲು ಆಳುಗಳನ್ನು ಹತ್ತಿಸಿದ್ದೆ. ಅದೇ ಶನಿವಾರ ಪಾಳಣ್ಣ ಬಂದ, ಕ್ಷಮೆ ಕೇಳಲು. ಅವ್ವ ಕ್ಷಮೆ ಗಿಮೆ ಎಲ್ಲ ಕೇಳಿಸಿಕೊಳ್ಳದೆ ಒಂದು ಲೋಟ ಕಾಫಿ ಕೊಟ್ಟು ಏಣಿಯ ಬುಡದಲ್ಲಿ ಹಂಚು ಎತ್ತಿಕೊಡಲು ನಿಲ್ಲಿಸಿದಳು. ಸಂಜೆವರೆಗೂ ಎತ್ತಿಕೊಟ್ಟ. ಹನ್ನೊಂದು ಹಂಚು ಒಡೆದ. ಹೊರಡುವಾಗ ಒಡೆದ ಹನ್ನೊಂದನ್ನೂ ಸಾಲಾಗಿ ಜೋಡಿಸಿ ಫೋಟೋ ತೆಗೆದ, ತೆಗೆದು ನನ್ನ ಹತ್ತಿರ ಬಂದು, “ಸಾರ್, ಆ ಹಿಂದಿನ ಮೂಲೆ ಒಂದನ್ನ ರಿಪೇರಿ ಮಾಡಿಸದೆ ಹಾಗೇ ಬಿಡ್ತೀರಾ?” ಅಂದ.

ಚಪ್ಪಲಿ ಈಗ ನಮ್ಮಲ್ಲೇ ಇದೆ. ನಾಯಿ ಅದರ ಹಿಮ್ಮಡಿ ಸ್ವಲ್ಪ ಕಡಿದಿದೆ, ಪಟ್ಟಿ ಗಟ್ಟಿಯಾಗಿದೆ. ಶನಿವಾರ ಈ ಕಡೆ ಕ್ಯಾಮರಾ ಹಿಡಿದುಕೊಂಡು ಬರುವವರು ಅಂಗಳದಲ್ಲೇ ನಿಂತು ಒಂದು ಕೂಗು ಹಾಕಿ ಒಳಗೆ ಬನ್ನಿ. ಅವ್ವನಿಗೆ ಕಿವಿ ಮಂದ, ಎರಡು ಸಲ ಕೂಗಬೇಕಾಗುತ್ತದೆ.